ಮನೋಹರನ ಮಧ್ಯಾಹ್ನದ ಊಟ

ಯಲಹಂಕದಿಂದ ಶಿವಾಜಿನಗರಕ್ಕೆ ಬಸ್ ಓಡಿಸುವ ಮನೋಹರನಿಗೆ ಆ ದಾರಿಯ ಸಿಗ್ನಲ್ಲು, ಗುಂಡಿ, ತಿರುವುಗಳಷ್ಟೇ ಚೆನ್ನಾಗಿ ಇನ್ನೊಂದು ವಿಷಯವೂ ಗೊತ್ತಿತ್ತು. ಯಾವ ಪೆಟ್ರೋಲ್ ಬಂಕಿನ ಟಾಯ್ಲೆಟ್ಟಿಗೆ ಬೀಗ ಹಾಕಿರುತ್ತಾರೆ, ಯಾವ ಹೋಟೆಲಿನವನು ಕಾಫಿ ಕುಡಿಯದೆ ಒಳಗೆ ಹೋದರೆ ಮುಖ ಗಂಟಿಕ್ಕುತ್ತಾನೆ, ಹೆಬ್ಬಾಳದ ಫ್ಲೈಓವರ್ ಇಳಿದ ಮೇಲೆ ಎಲ್ಲಿಯತನಕ ಯಾವ ಆಸರೆಯೂ ಇಲ್ಲ, ಇದೆಲ್ಲ ಅವನಿಗೆ ಬಾಯಿಪಾಠ. ಇದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ವಿಷಯವೂ ಅದಾಗಿರಲಿಲ್ಲ.

ಶುರುವಾದದ್ದು ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ. ವಾಂತಿ ಭೇದಿ ಹತ್ತಿಕೊಂಡು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿಕೊಂಡು, ಸೊರಗಿ ಸುಣ್ಣವಾಗಿ ಮನೆಗೆ ಬಂದಿದ್ದ. ಮನೆ ಇದ್ದದ್ದು ತಿಂಡ್ಲುವಿನಲ್ಲಿ. ವಿದ್ಯಾರಣ್ಯಪುರದ ಬಡಾವಣೆ ಏಳುವುದಕ್ಕೆ ಮುಂಚಿನಿಂದಲೂ ಇದ್ದ ಹಳೇ ಊರಿನ ಸಂದಿಯಲ್ಲಿ ಅವರದು ಮೂರನೇ ತಲೆಮಾರು. ಮಗ ಬಡವಾಗಿ ಬಂದನಲ್ಲ ಎಂಬ ಸಂಕಟಕ್ಕೆ ತಾಯಿ ಮಾರಕ್ಕ ನಾಟಿಕೋಳಿ ಸಾರು ಮಾಡಿ, ಬಿಸಿ ಮುದ್ದೆ ತಟ್ಟೆಗೆ ಹಾಕಿ, ಎದುರಿಗೇ ಕೂತು ಉಣ್ಣಿಸಿದಳು. ಹೆಂಡತಿ ಯಶೋಧಾ ಹಾಲು, ಮೊಟ್ಟೆ, ಬಾಳೆಹಣ್ಣು ಎಂದು ಹೊತ್ತುಹೊತ್ತಿಗೆ ತಂದಿಟ್ಟಳು. ಮನೋಹರ ಎಲ್ಲವನ್ನೂ ತಿಂದು ವಾರದೊಳಗೆ ಡ್ಯೂಟಿಗೆ ಹೋದ. ಭೇದಿ ನಿಂತಿತ್ತು ನಿಜ. ಹೊಟ್ಟೆ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ.

ಏನಾದರೂ ಬಾಯಿಗೆ ಹಾಕಿಕೊಂಡರೆ ಸಾಕು, ಹೊಟ್ಟೆಯೊಳಗೆ ಗುಡುಗುಡು ಶುರುವಾಗಿ ಓಡಬೇಕು ಅನ್ನಿಸುತ್ತಿತ್ತು. ನಾಲ್ಕು ದಿನ ಹಾಗೆ, ಮತ್ತೆ ಎರಡು ದಿನ ಕೂತರೂ ಏನೂ ಆಗದೆ ಹೊಟ್ಟೆ ಕಲ್ಲಿನಂತೆ ಬಿಗಿದುಕೊಳ್ಳುತ್ತಿತ್ತು. ಬಸ್ಸಿನ ಸ್ಟೇರಿಂಗ್ ಹಿಡಿದವನು ಎಲ್ಲಿಗೆ ಓಡಬೇಕು? ಹಾಗಾಗಿ ಅವನು ತಾನೇ ಒಂದು ಉಪಾಯ ಮಾಡಿಕೊಂಡ. ಡ್ಯೂಟಿ ಮುಗಿಯುವವರೆಗೆ ಏನೂ ತಿನ್ನುವುದಿಲ್ಲ. ಬರೀ ಟೀ, ಜೊತೆಗೆ ಎಂದಾದರೊಮ್ಮೆ ಒಂದು ಬಿಸ್ಕತ್ತು. ಹೊಟ್ಟೆ ಕದಡಿದ ದಿನ ಮೆಡಿಕಲ್ ಸ್ಟೋರಿನಲ್ಲಿ ಕೊಡುವ, ಹೊಟ್ಟೆ ಕಟ್ಟುವ ಮಾತ್ರೆ. ಸಂಜೆ ಮನೆ ಸೇರಿದ ಮೇಲೆ ಇಡೀ ದಿನದ ಹಸಿವನ್ನೆಲ್ಲ ಒಂದೇ ಸಲಕ್ಕೆ ತೀರಿಸಿಕೊಂಡು, ಕೈ ತೊಳೆದವನೇ ಹಾಸಿಗೆಗೆ ಬೀಳುತ್ತಿದ್ದ. ಇಷ್ಟಾದರೂ ಮೈ ಇಳಿಯುತ್ತಲೇ ಹೋಯಿತು. ಖಾಕಿ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಯಶೋಧಾ ಕೇಳಿದರೆ ಬಿಸಿಲು, ಟ್ರಾಫಿಕ್ಕು, ಧೂಳು ಎಂದು ಏನಾದರೊಂದು ಹೇಳುತ್ತಿದ್ದ.

ಒಳಗಿನ ಭಯ ಬೇರೆಯೇ ಇತ್ತು. ಅವನ ತಂದೆ ಚಿಕ್ಕಮಾರಯ್ಯ ಹೋದದ್ದು ಕರುಳಿನ ಕ್ಯಾನ್ಸರಿನಿಂದ. ಆಗ ಮನೋಹರ ಇನ್ನೂ ಲಾರಿ ಓಡಿಸುತ್ತಿದ್ದ ಹುಡುಗ. ಅಪ್ಪ ಮತ್ತೆ ಮತ್ತೆ ಚೊಂಬು ಹಿಡಿದು ಹಿತ್ತಲಿಗೆ ಹೋಗುತ್ತಿದ್ದದ್ದು, ಆಮೇಲಾಮೇಲೆ ಗೋಡೆ ಹಿಡಿದು ಹೋಗುತ್ತಿದ್ದದ್ದು ಅವನ ಕಣ್ಣಿಗೆ ಕಟ್ಟಿದಂತಿತ್ತು. ಒಂದೆರಡು ಸಲ ತನಗೂ ರಕ್ತ ಕಂಡಾಗ ಮನೋಹರ ನೀರು ಸುರಿದು ಬಾಗಿಲು ತೆಗೆದು ಹೊರಗೆ ಬಂದಿದ್ದ. ನೋಡೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಅವನ ಬಸ್ಸಿನ ಕಂಡಕ್ಟರ್ ಮಾಲಾ. ಮತ್ತಿಕೆರೆಯವಳು, ಮಾತು ಕಮ್ಮಿ, ಕೆಲಸದಲ್ಲಿ ಚುರುಕು. ಮನೋಹರಣ್ಣ ತಿಂಡಿ ತಿನ್ನುವುದಿಲ್ಲ ಎಂಬುದನ್ನು ಅವಳು ಬಹಳ ಹಿಂದೆಯೇ ಗಮನಿಸಿದ್ದಳು. ಆದರೆ ಕೇಳಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಅವರೆಕಾಯಿ ಉಪ್ಪಿಟ್ಟಿನ ಘಮಕ್ಕೆ ಸೋತು ಮನೋಹರ ಒಂದು ತಟ್ಟೆ ತಿಂದು ಡ್ಯೂಟಿಗೆ ಬಂದ. ಹೆಬ್ಬಾಳ ದಾಟುವವರೆಗೆ ಎಲ್ಲ ಸುಖವಾಗಿತ್ತು. ಗಂಗಾನಗರದ ಹತ್ತಿರ ಬಂದಾಗ ಮುಂದಿನ ಗಾಡಿಗಳೆಲ್ಲ ನಿಂತಿದ್ದವು. ಯಾರೋ ದೊಡ್ಡವರು ಏರ್‌ಪೋರ್ಟಿನಿಂದ ಬರುತ್ತಿದ್ದಾರೆಂದು ಪೊಲೀಸರು ಮೇಖ್ರಿ ಸರ್ಕಲ್ ಕಡೆಗೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮನೋಹರನ ಹೊಟ್ಟೆ ಒಮ್ಮೆ ಹಿಂಡಿತು. ಅವನು ಉಸಿರು ಬಿಗಿಹಿಡಿದು ಕೂತ. ಮತ್ತೊಮ್ಮೆ ಹಿಂಡಿದಾಗ ಹಣೆಯ ಮೇಲೆ ತಣ್ಣನೆ ಬೆವರು ಬಂತು, ಅಂಗೈ ಸ್ಟೇರಿಂಗ್ ಮೇಲೆ ಜಾರತೊಡಗಿತು. ಮೂರನೆಯ ಸಲಕ್ಕೆ ಇನ್ನು ತನ್ನ ಕೈಯಲ್ಲಿಲ್ಲ ಎಂದು ಗೊತ್ತಾಯಿತು. ಬಸ್ಸನ್ನು ಎಡಕ್ಕೆ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮಾಲಾ ಕಡೆಗೊಮ್ಮೆ ನೋಡಿ ಇಳಿದುಬಿಟ್ಟ.

ಪಕ್ಕದ ಅಡ್ಡರಸ್ತೆಯಲ್ಲಿ ಮೂರ್ನಾಲ್ಕು ಗೇಟುಗಳಿಗೆ ಬೀಗವಿತ್ತು. ಒಂದು ಮನೆಯ ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬರು ತಲೆ ಮೇಲೆ ದುಪಟ್ಟಾ ಹೊದ್ದು, ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಬಿಸಿಲಿಗೆ ಕೂತಿದ್ದರು. ಮನೋಹರ ಗೇಟು ಹಿಡಿದು ನಿಂತ. ಆಕೆ ಅವನ ಖಾಕಿ ಬಟ್ಟೆ ನೋಡಿದರು, ಮುಖ ನೋಡಿದರು, ಮೊರ ಕೆಳಗಿಟ್ಟು ಎದ್ದರು.

"ಆ ಪಕ್ಕದಾಗೆ ಐತೆ ನೋಡಪ್ಪಾ, ಮೆಟ್ಲು ಕೆಳಗೆ. ನೀರು ಬರ್ತದೆ. ಹೋಗು," ಎಂದರು.

ಅವನು ಹೊರಗೆ ಬಂದಾಗ ಆಕೆ ಮತ್ತೆ ಅಕ್ಕಿ ಆರಿಸುತ್ತಿದ್ದರು. ಮನೋಹರ ಕೈಮುಗಿದ. ಆಕೆ ಏನೂ ಕೇಳದೆ ತಲೆಯಾಡಿಸಿದರು. ಆ ಕೇಳದೇ ಇದ್ದದ್ದೇ ಅವನಿಗೆ ಬಹಳ ದೊಡ್ಡದಾಗಿ ಕಂಡಿತು.

ಬಸ್ಸಿನಲ್ಲಿ ಗಲಾಟೆ ಎದ್ದಿತ್ತು. ದಾರಿ ಬಿಟ್ಟಾಗಿತ್ತು, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು, ಡ್ರೈವರ್ ಎಲ್ಲಿಗೆ ಹೋದ ಎಂದು ಜನ ಮಾಲಾಳನ್ನು ಮುತ್ತಿಕೊಂಡಿದ್ದರು. ಇಂಜಿನ್ ಬಿಸಿಯಾಗಿದೆ, ನೀರು ತರೋಕೆ ಹೋಗಿದ್ದಾರೆ ಎಂದು ಅವಳು ಎಲ್ಲರಿಗೂ ಒಂದೇ ಉತ್ತರ ಹೇಳುತ್ತಿದ್ದಳು. ಮನೋಹರ ಬರಿಗೈಯಲ್ಲಿ ಬಂದು ಸೀಟಿನ ಮೇಲೆ ಕೂತ. ಯಾರೋ ಒಬ್ಬರು ಆಗಲೇ ಫೋನಿನಲ್ಲಿ ದೂರು ಕೊಟ್ಟಿದ್ದರು. ಸಂಜೆ ಡಿಪೋ ಮ್ಯಾನೇಜರ್ ವಿಜಯ್ ಕುಮಾರ್ ಕರೆಸಿ, ಜನರನ್ನು ನಡುರಸ್ತೆಯಲ್ಲಿ ಬಿಟ್ಟು ಹೋದದ್ದು ಯಾಕೆ ಎಂದು ಕೇಳಿದರು. ಮನೋಹರ ನೆಲ ನೋಡುತ್ತ, ಇಂಜಿನ್ ಬಿಸಿಯಾಗಿತ್ತು ಎಂದಷ್ಟೇ ಹೇಳಿದ. ಇನ್ನೊಂದು ಸಲ ಹೀಗಾದರೆ ತಾನು ಸುಮ್ಮನಿರುವುದಿಲ್ಲ ಎಂದು ಹೇಳಿ ಅವರು ಕಳಿಸಿದರು.

ವಾರದ ರಜೆಯ ದಿನ ಮನೋಹರ ಒಂದು ಚೀಲ ಅವರೆಕಾಯಿ ತೆಗೆದುಕೊಂಡು ಗಂಗಾನಗರದ ಆ ಮನೆಗೆ ಹೋದ. ಬರಿಗೈಯಲ್ಲಿ ಹೋಗಿ ಕೃತಜ್ಞತೆ ಹೇಳುವುದು ಅವನಿಗೆ ಗೊತ್ತಿರಲಿಲ್ಲ. ಆಕೆಯ ಹೆಸರು ಮೆಹಬೂಬ್ ಬೀ. ಅವರೆಕಾಯಿ ಮೂಸಿ ನೋಡಿ, ಸೊಗಡು ಚೆನ್ನಾಗಿದೆ ಎಂದು ಸಂತೋಷಪಟ್ಟರು. ಆಮೇಲೆ ಒಳಗಿನ ಕಡೆ ತಿರುಗಿ ಸೊಸೆಯನ್ನು ಕರೆದು ದಖನಿ ಉರ್ದುವಿನಲ್ಲಿ ಏನೋ ಹೇಳಿದರು. ಆಗಲೇ ಅವನು ಮೆಟ್ಟಿಲ ಪಕ್ಕದ ಸಣ್ಣ ಬೋರ್ಡು ನೋಡಿದ್ದು. ಡಾಕ್ಟರ್ ತಾಹೆರಾ, ಆಯುರ್ವೇದ ವೈದ್ಯೆ. ಅವತ್ತು ಅವಸರದಲ್ಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಆ ಸೊಸೆಯೇ ತಾಹೆರಾ, ವಯಸ್ಸು ನಲವತ್ತರ ಆಸುಪಾಸು. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಒಳಗೆ ಕಾಲಿಟ್ಟರೆ ಒಣಶುಂಠಿ, ಓಮದ ಘಾಟು. ಸುಮ್ಮನೆ ಮಾತಾಡಿಸುವವರ ಹಾಗೆ ಆಕೆ ಶುರುಮಾಡಿದರು. ಹಸಿವು ತಾನಾಗಿ ಆಗುತ್ತದೆಯೋ, ಗಡಿಯಾರ ನೋಡಿ ತಿನ್ನುತ್ತೀರೋ? ಉಂಡ ಮೇಲೆ ಮೈ ಹಗುರಾಗುತ್ತದೆಯೋ, ನಿದ್ದೆ ಎಳೆಯುತ್ತದೆಯೋ? ಬೆಳಿಗ್ಗೆ ನಾಲಿಗೆ ಮೇಲೆ ಬಿಳಿ ಕಟ್ಟಿರುತ್ತದೆಯೇ? ಮಲ ನೀರಿನಲ್ಲಿ ಮುಳುಗುತ್ತದೆಯೋ, ತೇಲುತ್ತದೆಯೋ? ಈ ಬಸ್ಸು ಯಾವ ಕಡೆ ಹೋಗುತ್ತದೆ ಎಂದು ಕೇಳುವಷ್ಟು ಸಹಜವಾಗಿ ಆಕೆ ಇದನ್ನು ಕೇಳಿದ್ದರಿಂದ ಮನೋಹರನೂ ಹಾಗೆಯೇ ಉತ್ತರಿಸಿದ. ಉತ್ತರಿಸುತ್ತ ಉತ್ತರಿಸುತ್ತ ಎರಡು ವರ್ಷ ಒಳಗೇ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಉಪವಾಸ, ಮಾತ್ರೆ, ಸಂಜೆಯ ಊಟ, ಯಾವ ಬಂಕು ಎಲ್ಲಿದೆ ಎಂಬುದು, ಎಲ್ಲ.

ಆಕೆ ನಾಡಿ ನೋಡಿದರು, ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಎದುರಿಗೆ ಕೂತು ಹೇಳಿದರು:

"ತಿಂದದ್ದನ್ನ ಬೇಯಿಸೋಕೆ ಹೊಟ್ಟೆಯೊಳಗೆ ಒಂದು ಬೆಂಕಿ ಇದೆ ಅನ್ನುತ್ತೆ ನಮ್ಮ ಆಯುರ್ವೇದ. ಅದು ಇರೋ ಜಾಗಕ್ಕೆ ಗ್ರಹಣಿ ಅಂತ ಹೆಸರು. ಊಟ ಬೇಯೋವರೆಗೂ ಹಿಡಿದಿಟ್ಟುಕೊಂಡು, ಬೆಂದ ಮೇಲೆ ಕೆಳಗೆ ಬಿಡೋದು ಅದರ ಕೆಲಸ. ನಿಮಗೆ ಭೇದಿ ಆದಾಗ ಆ ಬೆಂಕಿ ತಗ್ಗಿತ್ತು. ಅದು ಹತ್ತಿಕೊಳ್ಳೋಕೆ ಮುಂಚೆನೇ ಮೇಲೆ ದಪ್ಪ ದಪ್ಪ ಸೌದೆ ಹೇರಿದ್ರಿ. ಈಗ ಹೊಗೆ ಬರ್ತಿದೆ, ಉರಿ ಇಲ್ಲ. ಹಿಡಿದಿಟ್ಟುಕೊಳ್ಳೋ ಶಕ್ತಿ ಹೋಗಿದೆ. ಅದರ ಮೇಲೆ, ಬಂದಾಗ ತಡೀತೀರಿ. ಬಂದದ್ದನ್ನ ತಡೆದು ತಡೆದು, ಕೆಳಗೆ ಹೋಗಬೇಕಾದ ಗಾಳಿ ದಾರಿ ತಪ್ಪಿದೆ."

ಇಷ್ಟು ದಿನ ತನಗೆ ಏನಾಗಿದೆ ಎಂದು ಯಾರೂ ಹೇಳಿರಲಿಲ್ಲ. ಹೇಳಲು ಅವನು ಯಾರನ್ನೂ ಕೇಳಿರಲಿಲ್ಲ. ಮನೋಹರನಿಗೆ ಅರ್ಧ ವಾಸಿಯಾದಂತೆಯೇ ಅನ್ನಿಸಿ, ಔಷಧಿ ಕೊಡಿ ಮೇಡಂ, ಏನು ಪಥ್ಯ ಹೇಳಿದರೂ ಮಾಡುತ್ತೇನೆ ಎಂದ. ತಾಹೆರಾ ಇನ್ನೊಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಯಾರಿಗಾದರೂ ಹೊಟ್ಟೆಯ ದೊಡ್ಡ ಕಾಯಿಲೆ ಇತ್ತೇ? ಮನೋಹರ ಅಪ್ಪನ ವಿಷಯ ಹೇಳಿದ. ರಕ್ತ ಕಂಡದ್ದನ್ನೂ ಹೇಳಿದ. ಆಕೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಹಾಗಿದ್ದರೆ ಮೊದಲು ಆಸ್ಪತ್ರೆಯಲ್ಲಿ ಕರುಳಿನೊಳಗೆ ಟ್ಯೂಬು ಬಿಟ್ಟು ನೋಡುವ ಪರೀಕ್ಷೆ ಆಗಬೇಕು, ರಕ್ತಪರೀಕ್ಷೆಯೂ ಆಗಬೇಕು, ಅದಾಗುವವರೆಗೆ ತಾನು ಔಷಧಿ ಕೊಡುವುದಿಲ್ಲ ಎಂದರು. ಮನೋಹರನ ಮುಖ ಕಪ್ಪಿಟ್ಟಿತು. ಅದೆಲ್ಲ ಬೇಡ ಅಂತಲೇ ಅಲ್ಲವೇ ಜನ ಆಯುರ್ವೇದಕ್ಕೆ ಬರುವುದು ಎಂದ.

"ಹಾಗಂತ ನಿಮಗೆ ಯಾರು ಹೇಳಿದ್ರು?" ತಾಹೆರಾ ಮೆತ್ತಗೆ ಕೇಳಿದರು. "ರೋಗ ಯಾವುದು ಅಂತ ಮೊದಲು ಗುರುತು ಹಿಡಿ, ಆಮೇಲೆ ಔಷಧಿ ಕೊಡು ಅಂತಲೇ ನಾವು ಕಲಿತಿರೋದು. ನಾನು ಕೈಯಲ್ಲಿ ಒತ್ತಿ ನೋಡಿದ್ದು ನಿಮ್ಮ ಹೊಟ್ಟೆಯ ಹೊರಗಡೆನ. ಒಳಗಡೆ ನೋಡೋಕೆ ದಾರಿ ಇರುವಾಗ ಊಹೆ ಮಾಡಿ ಚೂರ್ಣ ಕೊಟ್ಟು ಕಳಿಸಿದರೆ ಅದು ತಪ್ಪು."

ಮನೋಹರ ಸರಿ ಎಂದು ಹೇಳಿ ಹೊರಟ. ಆದರೆ ಪರೀಕ್ಷೆಗೆ ಹೋಗಲಿಲ್ಲ. ಆಕೆ ಬರೆದುಕೊಟ್ಟ ಚೀಟಿ ಅಂಗಿ ಜೇಬಿನಲ್ಲೇ ಉಳಿದು ಒಗೆತಕ್ಕೂ ಹೋಗಿ ಬಂತು. ಅವನಿಗೆ ಆಕೆಯ ಮೇಲೆ ಸಣ್ಣ ಸಿಟ್ಟೂ ಇತ್ತು. ಬಾಗಿಲು ತೆಗೆದ ಮನೆಯೇ ಮತ್ತೆ ಬಾಗಿಲು ಹಾಕಿತು ಎಂಬಂಥ ಸಿಟ್ಟು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಮಾರಕ್ಕ ಹಿತ್ತಲಿನ ಕಲ್ಲಿನ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಮನೋಹರ ಡ್ಯೂಟಿಯಿಂದ ಬಂದವನು ನೇರ ಬಚ್ಚಲ ಕಡೆ ಹೋದ. ಹೊರಗೆ ಬಂದು ಕೂತ, ಮತ್ತೆ ಹೋದ. ಮೂರನೆಯ ಸಲ ಬಂದಾಗ ಗೋಡೆಗೆ ಕೈ ಊರಿಕೊಂಡಿದ್ದ. ಮಾರಕ್ಕ ಅವನನ್ನೇ ನೋಡುತ್ತಿದ್ದಳು. ಹೊಕ್ಕಳು ಜಾರಿರಬೇಕು, ಎಳೆಸೋಣ ಎಂದು ಅವಳು ಹಿಂದೆ ಹಲವು ಸಲ ಹೇಳಿದ್ದಳು. ದೃಷ್ಟಿಯನ್ನೂ ತೆಗೆದಿದ್ದಳು. ಇವತ್ತು ಅದಾವುದನ್ನೂ ಹೇಳಲಿಲ್ಲ.

"ಎಷ್ಟು ದಿನದಿಂದ ಇಂಗೆ?" ಎಂದಳು.

"ಏನಿಲ್ಲ ಕಣಮ್ಮ. ಮಧ್ಯಾಹ್ನ ಏನೋ ತಿಂದೆ."

"ನೀನು ಮಧ್ಯಾನ ತಿನ್ನಾಕಿಲ್ಲ ಅಂತ ನಂಗೊತ್ತು. ಡಬ್ಬಿ ಇದ್ದಂಗೇ ವಾಪಸ್ ಬತ್ತದೆ, ನಾಯಿಗಾಕ್ತೀಯ." ಮಾರಕ್ಕ ಸೊಪ್ಪಿನ ದಂಟು ಪಕ್ಕಕ್ಕಿಟ್ಟಳು. "ನಿಮ್ಮಪ್ಪನೂ ಇಂಗೇ ಅಂತಿದ್ದ. ಏನಿಲ್ಲ ಕಣೆ, ಏನಿಲ್ಲ ಕಣೆ. ಒಂದು ವರ್ಸ ನನ್ ತಾವ ಬಚ್ಚಿಟ್ಟ. ಆಸ್ಪತ್ರೆಗೆ ಒತ್ಕೊಂಡೋದಾಗ ಡಾಕ್ಟ್ರು ಅಂದ್ರು, ಒಂದಾರು ತಿಂಗಳು ಮುಂಚೆ ಬಂದಿದ್ರೆ ನೋಡ್ಬೋದಿತ್ತು ಅಂತ. ನಿಂಗೆ ನಾನು ಯೋಳಿರ್ಲಿಲ್ಲ. ಈಗ ಯೋಳ್ತಾ ಇವ್ನಿ. ಆ ಕಾಯ್ಲೆಗಿಂತ ಬಚ್ಚಿಟ್ಟಿದ್ದೇ ಅವನನ್ನ ತಿಂದಿದ್ದು."

ಅಡುಗೆಮನೆಯ ಬಾಗಿಲಲ್ಲಿ ಯಶೋಧಾ ನಿಂತಿದ್ದಳು. ಅವಳು ಎಷ್ಟು ಕೇಳಿಸಿಕೊಂಡಳೋ. ಮನೋಹರ ಒಳಗೆ ಹೋಗಿ ಮಡಿಸಿಟ್ಟ ಅಂಗಿಯ ಜೇಬಿನಿಂದ, ಸೋಪು ನೀರಿಗೆ ಮೆತ್ತಗಾಗಿ ಒಣಗಿದ ಆ ಚೀಟಿ ತಂದು ಅವಳ ಕೈಗೆ ಕೊಟ್ಟ. ಅಕ್ಷರಗಳು ಅಳಿಸಿ ಹೋಗಿದ್ದವು. ಅದರಲ್ಲಿ ಏನಿತ್ತೆಂದು ಅವನು ಬಾಯಲ್ಲೇ ಹೇಳಿದ. ಯಶೋಧಾ ಅಳಲಿಲ್ಲ, ಬಯ್ಯಲಿಲ್ಲ. ನಾಳೆ ರಜೆ ಹಾಕಿ, ನಾನೂ ಬರ್ತೀನಿ ಎಂದಳು, ಅಷ್ಟೇ.

ಪರೀಕ್ಷೆ ಅವನು ಹೆದರಿದಷ್ಟು ಕಷ್ಟದ್ದಾಗಿರಲಿಲ್ಲ. ಕಷ್ಟವಾದದ್ದು ಅದಾದ ಮೇಲೆ ಹೊರಗಿನ ಬೆಂಚಿನ ಮೇಲೆ ಕಾಯುವುದು. ಯಶೋಧಾ ಅವನ ಪಕ್ಕದಲ್ಲಿ ಬ್ಯಾಗು ತೊಡೆಯ ಮೇಲಿಟ್ಟು ಕೂತಿದ್ದಳು, ಇಬ್ಬರೂ ಗೋಡೆಯ ಮೇಲಿನ ಟಿವಿಯಲ್ಲಿ ಯಾವುದೋ ಅಡುಗೆ ಕಾರ್ಯಕ್ರಮ ನೋಡಿದರು. ಕರೆದು ಹೇಳಿದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಗೆಡ್ಡೆ ಇಲ್ಲ, ಹುಣ್ಣಿಲ್ಲ, ರಕ್ತ ಬಂದದ್ದು ಒಳಗಿನ ಸಣ್ಣ ಮೂಲವ್ಯಾಧಿಯಿಂದ ಎಂದರು. ರಕ್ತ ಕಮ್ಮಿಯಿದೆ, ಅದಕ್ಕೆ ಮಾತ್ರೆ ಬರೆದುಕೊಟ್ಟರು. ಕರುಳು ಸೂಕ್ಷ್ಮವಾಗಿದೆ, ಊಟದ ಹೊತ್ತು, ಮನಸ್ಸಿನ ಒತ್ತಡ ಎರಡನ್ನೂ ನೋಡಿಕೊಳ್ಳಬೇಕು, ತಂದೆಗೆ ಇದ್ದದ್ದರಿಂದ ಕೆಲವು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಿರಿ ಎಂದರು. ಮನೋಹರ ಪಾರ್ಕಿಂಗಿಗೆ ಬಂದು ಬೈಕಿನ ಮೇಲೆ ಕೂತ. ಕೀಲಿ ಹಾಕಿದ, ತಿರುಗಿಸಲಿಲ್ಲ. ಯಶೋಧಾ ಹಿಂದಿನ ಸೀಟಿನಲ್ಲಿ ಕೂತು ಅವನ ಬೆನ್ನಿಗೆ ಹಣೆ ಆನಿಸಿದಳು. ಇಬ್ಬರೂ ಹಾಗೆಯೇ ಸ್ವಲ್ಪ ಹೊತ್ತು ಕೂತಿದ್ದರು. ಕಾವಲುಗಾರ ಬಂದು ಗಾಡಿ ತೆಗೆಯಿರಿ ಎಂದ ಮೇಲೆಯೇ ಹೊರಟರು.

ಈ ಸಲ ತಾಹೆರಾ ಔಷಧಿ ಕೊಟ್ಟರು. ಅದಕ್ಕಿಂತ ಹೆಚ್ಚಾಗಿ ಊಟ ಕೊಟ್ಟರು ಎನ್ನಬೇಕು. ಮೊದಲ ಕೆಲವು ದಿನ ಹಳೇ ಅಕ್ಕಿಯ ತೆಳು ಗಂಜಿ, ಒಂದು ಚಿಟಿಕೆ ಒಣಶುಂಠಿ, ಸೈಂಧವ ಉಪ್ಪು. ಹೊಟ್ಟೆ ಅದನ್ನು ತಡೆದುಕೊಂಡ ಮೇಲೆ ಹೆಸರುಬೇಳೆ ಕಟ್ಟು, ಆಮೇಲೆ ಮೆತ್ತನೆ ಅನ್ನ. ಅವತ್ತೇ ಕಡೆದು ಬೆಣ್ಣೆ ತೆಗೆದ ಮಜ್ಜಿಗೆಗೆ ಜೀರಿಗೆ ಹುರಿದು ಪುಡಿ ಮಾಡಿ ಹಾಕಿ, ಊಟದ ಜೊತೆ. ಮೊಸರು ಬೇಡ, ಹುಳಿ ಬಂದ ಮಜ್ಜಿಗೆಯೂ ಬೇಡ. ಚೂರ್ಣದ ಪೊಟ್ಟಣ ಬಿಚ್ಚಿ ಮಾರಕ್ಕ ಮೂಸಿ ನೋಡಿ, ಇದರಾಗೆ ಕೊನ್ನಾರಿ ಗಡ್ಡೆ ಐತಲ್ಲ, ನಮ್ಮೊಲದಾಗೆ ಕಳೆ ಅಂತ ಕಿತ್ತು ಕಿತ್ತು ಬಿಸಾಕ್ತಿದ್ವಿ ಎಂದು ಆಶ್ಚರ್ಯಪಟ್ಟಳು. ಮಗನಿಗೆ ಬರೀ ಗಂಜಿ ಎಂದಾಗ ಮಾತ್ರ ಅವಳ ಮನಸ್ಸು ಒಪ್ಪಲಿಲ್ಲ. ಅದನ್ನ ಕುಡಿದು ಬಸ್ ಓಡಿಸಾಕಾಯ್ತದಾ ಎಂದು ಎರಡು ದಿನ ಗೊಣಗಿದಳು. ಮೂರನೆಯ ದಿನ ಮನೋಹರ ಬೆಳಿಗ್ಗೆ ಎದ್ದವನೇ ಅಡುಗೆಮನೆಗೆ ಬಂದು ಹಸಿವಾಗ್ತಿದೆ ಎಂದ. ಎರಡು ವರ್ಷದಲ್ಲಿ ಆ ಮಾತು ಆ ಮನೆಯಲ್ಲಿ ಬೆಳಗಿನ ಹೊತ್ತು ಕೇಳಿಸಿರಲಿಲ್ಲ. ಮಾರಕ್ಕ ಗೊಣಗುವುದನ್ನು ನಿಲ್ಲಿಸಿ ತಾನೇ ಒಲೆಯ ಮುಂದೆ ನಿಂತಳು.

ಆದರೆ ತೊಡಕಿದ್ದದ್ದು ಮನೆಯಲ್ಲಲ್ಲ. ದಿನದ ದೊಡ್ಡ ಊಟ ಮಧ್ಯಾಹ್ನಕ್ಕಿರಲಿ, ಸೂರ್ಯ ನೆತ್ತಿಯ ಮೇಲಿದ್ದಾಗ ಹೊಟ್ಟೆಯ ಬೆಂಕಿಯೂ ಜೋರಾಗಿರುತ್ತದೆ ಎಂದಿದ್ದರು ತಾಹೆರಾ. ಕೂತು ಉಣ್ಣಬೇಕು, ಅವಸರ ಬೇಡ, ಫೋನು ಬೇಡ. ಹೊಟ್ಟೆಯಲ್ಲಿ ಸ್ವಲ್ಪ ಜಾಗ ಬಿಟ್ಟು ಏಳಬೇಕು. ಸಂಜೆ ಬೇಗ, ಹಗುರಾಗಿ. ಎಲ್ಲಕ್ಕಿಂತ ಮುಖ್ಯ, ಬಂದಾಗ ತಡೆಯಬಾರದು. ಮನೋಹರ ನಕ್ಕುಬಿಟ್ಟಿದ್ದ. ಮಧ್ಯಾಹ್ನ ಯಲಹಂಕಕ್ಕೆ ಬಂದರೆ ಬಸ್ ತಿರುಗಿಸಿ ಹೊರಡುವಷ್ಟೇ ಹೊತ್ತು ಸಿಗುತ್ತಿತ್ತು. ಸ್ಟ್ಯಾಂಡಿನ ಟಾಯ್ಲೆಟ್ಟಿಗೆ ಬೀಗ ಬಿದ್ದು ತಿಂಗಳುಗಳಾಗಿದ್ದವು. ತಡೆಯಬೇಡ ಎಂದು ಯಾವ ವೈದ್ಯರು ಹೇಳಿದರೇನು, ತಡೆಯುವುದೇ ಅವನ ಕೆಲಸದ ಒಂದು ಭಾಗವಾಗಿತ್ತು.

ಡಿಪೋ ಮ್ಯಾನೇಜರ್ ಹತ್ತಿರ ಹೋಗಬೇಕೆಂದು ಅವನು ಎಷ್ಟೋ ಸಲ ಬಾಗಿಲತನಕ ಹೋಗಿ ಬಂದ. ಕೊನೆಗೊಂದು ದಿನ ಸ್ಟ್ಯಾಂಡಿನಲ್ಲಿ ಮಾಲಾಗೆ ವಿಷಯ ಹೇಳಿದ. ಗಂಗಾನಗರದಲ್ಲಿ ತಾನು ಯಾಕೆ ಇಳಿದು ಹೋದೆ ಎಂಬುದನ್ನೂ. ಅವಳಿಗೆ ಅದು ಅವತ್ತೇ ಗೊತ್ತಾಗಿತ್ತು. ಅವಳು ಟಿಕೆಟ್ ಮೆಷಿನ್ ತೊಡೆಯ ಮೇಲಿಟ್ಟುಕೊಂಡಳು.

"ಮನೋಹರಣ್ಣ, ನಾನು ಡ್ಯೂಟಿಗೆ ಬಂದ್ರೆ ಸಂಜೆವರ್ಗೂ ನೀರೇ ಕುಡಿಯಲ್ಲ," ಎಂದಳು. "ಕುಡಿದ್ರೆ ಎಲ್ಲಿಗೆ ಹೋಗ್ಲಿ? ಒಂದು ವರ್ಷದಲ್ಲಿ ಎರಡು ಸಲ ಉರಿಮೂತ್ರ ಆಗಿ ಜ್ವರ ಬಂತು. ರಜೆ ಹಾಕಿದಾಗ ತಲೆನೋವು ಅಂತ ಬರೆದುಕೊಟ್ಟೆ. ನಾನೂ ಬರ್ತೀನಿ, ನಡೀರಿ."

ವಿಜಯ್ ಕುಮಾರ್ ಫೈಲಿನಿಂದ ತಲೆ ಎತ್ತದೆ ಏನು ವಿಷಯ ಎಂದರು. ಮನೋಹರ ಬಾಗಿಲ ಹತ್ತಿರವೇ ನಿಂತು, ಸರ್, ಅವತ್ತು ಇಂಜಿನ್ ಬಿಸಿಯಾಗಿರಲಿಲ್ಲ ಎಂದು ಶುರುಮಾಡಿದ. ಒಮ್ಮೆ ಶುರುವಾದ ಮೇಲೆ ಕಷ್ಟವಾಗಲಿಲ್ಲ. ಗಂಗಾನಗರದ ಮನೆಯಲ್ಲಿ ಒಂದು ಸಲ ಹೇಳಿ ಅಭ್ಯಾಸವಾಗಿತ್ತು. ಅವನು ಮುಗಿಸಿದ ಮೇಲೆ ಮಾಲಾ ತನ್ನದನ್ನು ಎರಡೇ ಮಾತಿನಲ್ಲಿ ಹೇಳಿದಳು. ವಿಜಯ್ ಕುಮಾರ್ ಕುರ್ಚಿ ತೋರಿಸಿ ಕೂತ್ಕೊಳಿ ಎಂದರು. ಎಷ್ಟು ಜನಕ್ಕೆ ಹೀಗಿದೆ ಎಂದು ಕೇಳಿದರು. ಗೊತ್ತಿಲ್ಲ ಸರ್, ಯಾರೂ ಹೇಳಲ್ಲ ಎಂದ ಮನೋಹರ.

ಎಲ್ಲ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಸ್ಟ್ಯಾಂಡಿನ ಟಾಯ್ಲೆಟ್ಟಿನ ಬೀಗ ತೆಗೆಸಿ, ನೀರಿನ ಸಂಪರ್ಕ ಕೊಡಿಸುವಷ್ಟರಲ್ಲಿ ಯುಗಾದಿ ಬಂತು. ಶಿವಾಜಿನಗರದ ಕಡೆ ಅದೂ ಆಗಲಿಲ್ಲ. ಆದರೆ ಇವರಿಬ್ಬರ ಟ್ರಿಪ್ಪಿನ ಹೊತ್ತನ್ನು ವಿಜಯ್ ಕುಮಾರ್ ಹಿಂದೆ ಮುಂದೆ ಮಾಡಿಸಿ, ಮಧ್ಯಾಹ್ನ ಯಲಹಂಕದಲ್ಲಿ ಕೂತು ಉಣ್ಣುವಷ್ಟು ಬಿಡುವು ಸಿಗುವಂತೆ ಮಾಡಿದರು. ಬೇರೆ ಸಿಬ್ಬಂದಿಯಲ್ಲಿ ಕೆಲವರು ಇವನ ಬೆನ್ನ ಹಿಂದೆ ನಕ್ಕರು. ಮನೋಹರನಿಗೆ ಅದು ಮೊದಲೆರಡು ದಿನ ಚುಚ್ಚಿತು, ಆಮೇಲೆ ಊಟದ ರುಚಿ ಹತ್ತಿದ್ದರಿಂದ ಅಷ್ಟಾಗಿ ತಾಗಲಿಲ್ಲ.

ಬೇಸಿಗೆಯಲ್ಲಿ ಅಕ್ಕನ ಮಗಳ ಮದುವೆಯಾಯಿತು. ಬೀಗರ ಊಟದ ದಿನ ಮಟನ್ ಸಾರಿನ ಘಮ, ನೆಂಟರ ಒತ್ತಾಯ, ತಾನು ವಾಸಿಯಾಗಿದ್ದೇನೆಂಬ ಹುಮ್ಮಸ್ಸು ಎಲ್ಲ ಸೇರಿ ಮನೋಹರ ಮುದ್ದೆಯ ಮೇಲೆ ಮುದ್ದೆ ಇಳಿಸಿದ. ಮೇಲೆ ಐಸ್‌ಕ್ರೀಮು. ಮಾರನೆಯ ದಿನದಿಂದ ಹಳೆಯ ಕಥೆಯೇ ಮರುಕಳಿಸಿತು. ಅದಕ್ಕಿಂತ ಹೆಚ್ಚಾಗಿ ಹಳೆಯ ಭಯ ಮರುಕಳಿಸಿತು. ಸೋತ ಮುಖದಲ್ಲಿ ತಾಹೆರಾ ಮುಂದೆ ಹೋಗಿ ಕೂತ. ಬಯ್ಯುತ್ತಾರೆ ಎಂದುಕೊಂಡಿದ್ದ.

ಆಕೆ ಬಯ್ಯಲಿಲ್ಲ. ಮಟನ್ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಮೇಡಂ ಎಂದ ಅವನು, ತಲೆ ತಗ್ಗಿಸಿ. ಪಕ್ಕದ ಕೋಣೆಯಿಂದ ಮೆಹಬೂಬ್ ಬೀ ನಕ್ಕದ್ದು ಕೇಳಿಸಿತು.

"ಇದು ಜ್ವರದ ಹಾಗೆ ಬಂದು ಹೋಗೋದಲ್ಲ," ಎಂದರು ತಾಹೆರಾ. "ಹತ್ತಿಕೊಂಡ ಬೆಂಕಿನ ದಿನಾ ನೋಡ್ಕೋಬೇಕು. ಒಂದು ದಿನ ತಪ್ಪಿತು ಅಂತ ಎಲ್ಲ ಆರಿಹೋಗಿಲ್ಲ. ಎರಡು ದಿನ ಗಂಜಿಗೆ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬನ್ನಿ. ಇನ್ನೊಂದು ವಿಷಯ. ಊಟದಷ್ಟೇ ಹೆದರಿಕೆನೂ ನಿಮ್ಮ ಹೊಟ್ಟೆ ಕೆಡಿಸುತ್ತೆ. ತಟ್ಟೆ ಮುಂದೆ ಕೂತಾಗ ಇದು ನನಗೇನು ಮಾಡುತ್ತೋ ಅಂತ ಯೋಚನೆ ಮಾಡ್ತಾ ಉಣ್ಣಬೇಡಿ. ಅಂಥ ಅನ್ನ ಅರಗಲ್ಲ."

ಅವನು ಗಂಜಿಗೆ ಹಿಂದಿರುಗಿದ, ಮತ್ತೆ ಮುಂದಕ್ಕೆ ಬಂದ. ಆಮೇಲೂ ಒಂದೆರಡು ಸಲ ಹಾಗಾಯಿತು. ಆದರೆ ಪ್ರತಿ ಸಲವೂ ಬೇಗ ಸರಿಹೋಯಿತು, ಪ್ರತಿ ಸಲವೂ ಭಯ ಮೊದಲಿಗಿಂತ ಕಮ್ಮಿಯಿತ್ತು. ಮಳೆಗಾಲದ ಹೊತ್ತಿಗೆ ಮೈ ಕೈ ತುಂಬಿಕೊಂಡು ಮೊದಲಿನ ಅಳತೆಗೆ ಬಂದ. ಹೊಟ್ಟೆ ಕಟ್ಟುವ ಮಾತ್ರೆ ಕೊಳ್ಳುವುದನ್ನು ಯಾವಾಗ ಬಿಟ್ಟೆನೆಂದು ಅವನಿಗೇ ನೆನಪಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಯಲಹಂಕದ ಸ್ಟ್ಯಾಂಡಿನಲ್ಲಿ ಮನೋಹರ ಡಬ್ಬಿ ಬಿಚ್ಚಿದ್ದ. ಅನ್ನ, ಸೋರೆಕಾಯಿ ಪಲ್ಯ, ಬೇಳೆ ಸಾರು, ಸ್ಟೀಲ್ ಬಾಟಲಿಯಲ್ಲಿ ಮಜ್ಜಿಗೆ. ಅದೇ ಡಿಪೋದ ಭೀಮರಾಜ್, ಇನ್ನೇನು ರಿಟೈರ್ ಆಗುವ ವಯಸ್ಸಿನ ಡ್ರೈವರು, ಬೆಂಚಿನ ಆ ತುದಿಯಲ್ಲಿ ಟೀ ಲೋಟ ಹಿಡಿದು ಕೂತಿದ್ದ. ಮನೋಹರನ ಬೆನ್ನ ಹಿಂದೆ ನಕ್ಕವರಲ್ಲಿ ಅವನೂ ಒಬ್ಬ. ಊಟ ಆಯ್ತಾ ಎಂದು ಮನೋಹರ ಕೇಳಿದರೆ, ಇಲ್ಲ ಗುರು, ಡ್ಯೂಟಿ ಮೇಲೆ ತಿನ್ನಲ್ಲ, ಹೊಟ್ಟೆ ಭಾರ ಆಗುತ್ತೆ ಎಂದ. ಟೀ ಮುಗಿಸಿ ಇನ್ನೊಂದು ಟೀ ತರಿಸಿದ. ಕುಡಿಯುವಾಗ ಎಡಗೈ ಹೊಟ್ಟೆಯ ಮೇಲೆ ಒತ್ತಿ ಹಿಡಿದಿದ್ದ. ಮನೋಹರ ಆ ಕೈಯನ್ನು ನೋಡಿದ.

ತುತ್ತು ಅಗಿದು ನುಂಗಿ, ಬಾಟಲಿ ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಸ್ವಲ್ಪ ಹತ್ತಿರಕ್ಕೆ ಸರಿದ.

"ಭೀಮಣ್ಣ, ಒಂದು ಮಾತು ಕೇಳ್ತೀನಿ, ನಾಚ್ಕೋಬೇಡ," ಎಂದ. "ಬೆಳಿಗ್ಗೆ ಸರಿಯಾಗಿ ಆಗುತ್ತಾ ನಿಂಗೆ?"

ಭೀಮರಾಜ್ ಲೋಟ ಹಿಡಿದ ಹಾಗೆಯೇ ಅವನ ಮುಖ ನೋಡಿದ. ನಗಲು ಹೋಗಿ ನಗಲಿಲ್ಲ. ಸ್ಟ್ಯಾಂಡಿನ ಆಚೆ ಬದಿಯಲ್ಲಿ ದೊಡ್ಡಬಳ್ಳಾಪುರದ ಬಸ್ಸೊಂದು ಕಂಡಕ್ಟರನ ಸೀಟಿಯ ಸದ್ದಿಗೆ ಹಿಂದಕ್ಕೆ ಬರುತ್ತಿತ್ತು. ಅದು ನಿಲ್ಲುವವರೆಗೆ ಅವನು ಕಾದ. ಆಮೇಲೆ ಲೋಟ ಕೆಳಗಿಟ್ಟು, ಸುತ್ತ ಒಮ್ಮೆ ಕಣ್ಣಾಡಿಸಿ, ತಗ್ಗಿದ ದನಿಯಲ್ಲಿ ಹೇಳತೊಡಗಿದ. ಮನೋಹರ ಉಣ್ಣುತ್ತ ಕೇಳಿಸಿಕೊಂಡ. ಹೊರಡಲು ಇನ್ನೂ ಹೊತ್ತಿತ್ತು.